ಸೊಂಟದ ಮೊದಲ ಮೂಳೆ

ಅಪ್ಪನ ಎಕ್ಸ್‌ರೇ ನಮ್ಮ ಲೈನ್‌ಮನೆಯ
ಒಡೆದ ಕಿಟಕಿಗೆ ಗಾಜಾಗಿತ್ತು.
ಮಳೆ ತಡೆಯುತ್ತಿತ್ತು, ಬೆಳಕು ಬಿಡುತ್ತಿತ್ತು.
ಒಲೆಯ ಹೊಗೆ ಕೂತು ಪಕ್ಕೆಲುಬು ಮಾಸಿದಾಗ
ಅವ್ವ ಸೆರಗಿನಿಂದ ಒರೆಸುತ್ತಿದ್ದಳು,
ಮೆಲ್ಲಗೆ, ನೋವಾದೀತೆಂಬಂತೆ.

ಒಂಟಿಬಿದಿರಿನ ಏಣಿ. ಸಿಲ್ವರ್ ಓಕ್. ನಲವತ್ತು ಅಡಿ.
ಮೆಣಸಿನ ಚೀಲ ಮೊದಲು ಬಿತ್ತು, ಆಮೇಲೆ ಅಪ್ಪ.
ರೈಟರು ಮೊದಲು ಚೀಲ ಎತ್ತಿಸಿದರು ಅನ್ನುತ್ತಾರೆ.
ನಾನು ನೋಡಿಲ್ಲ. ಮೂರನೇ ಕ್ಲಾಸು,
ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಕೊಂಡು ನಿಂತಿದ್ದೆ.
ಜೀಪಿನ ಹಿಂದೆ ಮಡಚಿ ಕೂರಿಸಿ
ಗೋಣಿಕೊಪ್ಪಕ್ಕೆ ಒಯ್ದರಂತೆ.
ಹಾಗೆ ಮಡಚಬಾರದಿತ್ತು.
ಅದು ಗೊತ್ತಾಗಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಕುಟ್ಟದ ಮೇಲೆ ಸೂರ್ಯ ಬಳೆಯಾದ ದಿನ
ಎಲ್ಲೆಲ್ಲಿಂದಲೋ ಕಾರು, ಕ್ಯಾಮೆರಾ, ಕಪ್ಪು ಕನ್ನಡಕ.
ನಮ್ಮ ಮಣಿ ಕಿಟಕಿಯನ್ನೇ ಕಿತ್ತು ತಂದ.
ಒಬ್ಬರಾದ ಮೇಲೊಬ್ಬರು ಹಿಡಿದು ನೋಡಿದೆವು.
(ನೋಡಬಾರದಂತೆ. ಅದೂ ಆಮೇಲೆ ಗೊತ್ತಾದದ್ದು.)
ಅಪ್ಪನ ಬೆನ್ನು ಮುರಿದಲ್ಲೇ
ಉಂಗುರ ಬಂದು ಕೂತಿತು.
"ನಂಗೂ ತೋರ್ಸಿ" ಅಂದ ಒಳಗಿನಿಂದ ಅಪ್ಪ.
ಚಾಪೆ ಎಳೆದು ಬಾಗಿಲಿಗೆ ತರುವಷ್ಟರಲ್ಲಿ
ಬಳೆ ಒಡೆದಿತ್ತು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು
ಅವ್ವನಿಗೆ ಯಾರೂ ಹೇಳಿರಲಿಲ್ಲ.
ಹಗಲು ಕಾಫಿ ಕೊಯ್ಲಿನ ನಡುವೆ ಓಡಿ ಬಂದು,
ರಾತ್ರಿ ಆನೆ ಓಡಿಸುವ ಪಟಾಕಿ ಸದ್ದಿಗೆ ಎದ್ದು,
ಹೊರಳಿಸಿ ಹೋಗುತ್ತಿದ್ದಳು.
ಇಷ್ಟು ವರ್ಷ, ಒಂದೂ ಹುಣ್ಣಿಲ್ಲ.
ವಾರ್ಡಿನಲ್ಲಿ ಸೀನಿಯರ್ ಒಬ್ಬರು ಇದನ್ನೇ ಪಾಠ ಮಾಡಿದಾಗ
ನಾನು ಬರೆದುಕೊಳ್ಳಲಿಲ್ಲ.

ಮಣಿ ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಏಣಿ ಹತ್ತಿದ.
ಅದೇ ಏಣಿ.
ಮುರಿದದ್ದು ಏಣಿಯಲ್ಲವಲ್ಲ.
ಮೊದಲ ಸಲ ನೀಟ್‌ನಲ್ಲಿ ನಾನು ಬಿದ್ದಾಗ ಅವನಂದ:
"ನೀ ಬಿದ್ರೆ ಪೆಟ್ಟಾಗಲ್ಲ. ಇನ್ನೊಂದ್ಸಲ ಹತ್ತು."

ಹತ್ತಿದೆ.
ಮಡಿಕೇರಿ ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತರು ಕೇಳಿದರು,
ವೈ. ಟಿ. ರಜಿತ, ವೈ ಅಂದರೆ ಏನಮ್ಮ?
ಯರವ, ಅಂದೆ. ಟಿ ಅಂದರೆ ತೋಲ, ನನ್ನ ಅಪ್ಪ.
ಅವರು ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿ,
ಸೀಲು ಒತ್ತಿದರು.
ಆ ಸದ್ದು ಈಗಲೂ ಕೇಳುತ್ತದೆ.

ಮೊದಲ ರಜೆಗೆ ಬಂದೆ, ಕೊನೆಯ ಬಸ್ಸು,
ತೊಡೆಯ ಮೇಲೆ ಸೀನಿಯರ್ ಕೊಟ್ಟ ಮೂಳೆ ಚೀಲ.
ಅವ್ವ ಒಳಗೆ ಬಿಡಲಿಲ್ಲ.
ಹಲಸಿನ ಬುಡದಲ್ಲಿಟ್ಟು
ಎರಡು ಎಲೆ, ಒಂದು ಅಡಿಕೆ, ಹಿಡಿ ಅನ್ನ ಇಟ್ಟಳು.
"ಯಾರ ಮನೆದೋ. ಹಸ್ದಿರ್ತದೆ."

ಬೆಳಿಗ್ಗೆ ಅಪ್ಪ ಕೇಳಿದ,
"ಅದ್ರಲ್ಲಿ ನಂದು ಯಾವ್ದು?"
ನಾನು ತಡಕಿ ತೆಗೆದು ಕೈಗಿಟ್ಟೆ.
ಎಲ್ ಒನ್. ಸೊಂಟದ ಮೊದಲನೆಯದು.
ತಿರುಗಿಸಿ ನೋಡಿದ, ಅಂಗೈಯಲ್ಲಿ ತೂಗಿದ,
ಮೆಣಸಿನ ಗೊಂಚಲು ತೂಗುವ ಹಾಗೆ.
"ಇಷ್ಟೇನಾ?"
ಇಷ್ಟೇ ಅಪ್ಪ.
"ಇಷ್ಟಕ್ಕಾ?"

ಇದಕ್ಕೆ ಉತ್ತರ
ನನ್ನ ಸಾವಿರ ಪುಟದ ಪುಸ್ತಕದಲ್ಲಿರಲಿಲ್ಲ.
ಬೆನ್ನುಹುರಿ ಅಂದೆ, ನರ ಅಂದೆ, ನಾಲಿಗೆ ಒಣಗಿ ನಿಂತೆ.
ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.
ಒಂದು ಕಣ್ಣು ಮುಚ್ಚಿ, ಮೂಳೆಯನ್ನು ಬೆಳಕಿಗೆ ಹಿಡಿದು
ನಡುವಿನ ತೂತಿನಿಂದ ನೋಡುತ್ತಿದ್ದ,
ಅವತ್ತು ತಪ್ಪಿಹೋದ ಬಳೆಯನ್ನು ಹುಡುಕುವವನಂತೆ.

ಏನಪ್ಪಾ ಕಾಣ್ತದೆ?

"ಮಣಿ. ಏಣಿ ಹೊತ್ಕೊಂಡು ಹೋಗ್ತಿದ್ದಾನೆ."

ಅವ್ವ ಬಂದಳು, ಕೈ ಒರೆಸಿಕೊಳ್ಳುತ್ತ.
"ಎಣ್ಸಿ ಕಟ್ಟು ಮಗಾ,
ಒಂದೂ ಕಮ್ಮಿಯಾಗ್ಬಾರ್ದು.
ಯಾರದೋ ಬೆನ್ನು ಅದು."